ಹನ್ನೊಂದು ಸೆಕೆಂಡು

ವಿನಯನ್ ಸಾರ್ ಮಲಯಾಳದಲ್ಲಿ ಹೇಳುತ್ತಾರೆ,
ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ,
ನಡುನಡುವೆ ಇಂಗ್ಲಿಷು. ಪುಸ್ತಕ ಬಿಡಿಸಿದರೆ
ಮೂರು ಭಾಷೆಯವರು ಕುಂಬಳೆಯ ಬಸ್ಸಿನ ಒಂದೇ ಸೀಟಿನಲ್ಲಿ
ಮೊಣಕೈ ತಾಗಿಸಿಕೊಂಡು ಕೂತ ಹಾಗೆ.
ಮೊದಲ ವಾರವೇ ಹೇಳಿದ್ದರು:
ಇಬ್ಬರು ಮಾತಾಡುವಾಗ ಅವರ ನಡುವೆ
ಕಾಣದ ಒಂದು ಗೆರೆ ಉಂಟು.
ಕ್ಯಾಮೆರಾ ಅದನ್ನು ದಾಟಬಾರದು.

ಮೊಗ್ರಾಲು ಸೇತುವೆಯ ಮೇಲೆ
ಅನ್ಸೀಫನನ್ನೂ ರೋಶ್ನಿ ಕ್ರಾಸ್ತಾಳನ್ನೂ ನಿಲ್ಲಿಸಿ
ಜಗಳದ ಸೀನು ತೆಗೆದೆ.
ಬಿಸಿಲು ಲೆನ್ಸಿಗೆ ಹೊಡೆಯಿತೆಂದು
ಆಚೆ ಬದಿಗೆ ಹೋದೆ, ಅಷ್ಟೆ.
ಕ್ಲಾಸಿನ ಗೋಡೆಯ ಮೇಲೆ ನೋಡಿದರೆ
ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ
ಪರದೆಯಾಚೆ ನಿಂತ ಯಾರಿಗೋ
ಒಟ್ಟಿಗೆ ಬೈಯುತ್ತಿದ್ದಾರೆ.
ಎಲ್ಲರೂ ನಕ್ಕರು. ಎರಡು ಮಾರ್ಕು ಹೋಯಿತು.
ಅದೊಂದನ್ನು ಡಿಲೀಟು ಮಾಡಿಲ್ಲ ನಾನು.

ಆಮೇಲೆ ಸೀನು ಬಿಡಿಸುವ ಪಾಠ.
ಹೆಸರಿನ ಪಟ್ಟಿಯೇ ಹರಿದುಹೋದ
ಯಾವುದೋ ಕಪ್ಪು-ಬಿಳುಪು ಸಿನಿಮಾ, ಪೆನ್‌ಡ್ರೈವಿನಲ್ಲಿ.
ನಾಲ್ಕು ನಿಮಿಷವನ್ನು ನಲ್ವತ್ತು ಸಲ ನೋಡಬೇಕು:
ಕಟ್ ಎಲ್ಲಿ, ಬೆಳಕು ಯಾವ ಕಡೆಯಿಂದ,
ಸದ್ದು ಯಾರದು, ಕಾಣುವವರದೋ ಕಾಣದವರದೋ.
ಅವಲಕ್ಕಿಯಿಂದ ಭತ್ತ ಹೆಕ್ಕಿದ ಹಾಗೆ ಹೆಕ್ಕಿದೆ.
ಒಂದು ಕಡೆ ಸಿಕ್ಕಿಬಿದ್ದೆ.
ಹೆಂಗಸು ಬಾಗಿಲು ದಾಟಿ ಹೊರಟುಹೋಗುತ್ತಾಳೆ,
ಕ್ಯಾಮೆರಾ ಅವಳ ಹಿಂದೆ ಹೋಗುವುದಿಲ್ಲ.
ಖಾಲಿ ಬಾಗಿಲನ್ನೇ ನೋಡುತ್ತ
ಒಂಬತ್ತು ಸೆಕೆಂಡು, ಬೆಪ್ಪನ ಹಾಗೆ.
‘ಎಡಿಟರಿಗೆ ನಿದ್ದೆ ಬಂದಿರಬೇಕು’ ಎಂದು ಬರೆದೆ.
ಸಾರ್ ಕೆಂಪು ಶಾಯಿಯಲ್ಲಿ ಕೇಳಿದರು:
‘ಅಥವಾ ಎಚ್ಚರವಾಗಿದ್ದನೋ?’

ಕೊನೆಯ ಪ್ರಾಜೆಕ್ಟು: ಒಂದು ನಿಮಿಷ, ಒಂದೇ ಶಾಟು, ಕೈಗಳು.
ನನಗೆ ಯೋಚಿಸಲಿಕ್ಕೇನಿತ್ತು!
ಉಪ್ಪಳದ ನಮ್ಮ ಜಗಲಿಯಲ್ಲಿ
ವಾರಿಜ ಚಿಕ್ಕಮ್ಮನ ಬೆರಳುಗಳಿಗೆ
ದಿನಕ್ಕೆ ಎಂಟು ನೂರು ಬೀಡಿ.
ಕ್ಯಾಮೆರಾ ಅಂದದ್ದೇ ತಡ
ಯಾರದೋ ಮದುವೆಗೆ ತೆಗೆದ ಸೀರೆ ಉಟ್ಟು,
ತಡ್ಪೆಯನ್ನು ಮಂಚದಡಿ ತಳ್ಳಿ, ಕುರ್ಚಿಯಲ್ಲಿ ಕೂತು
ಮೊಬೈಲನ್ನು ನೋಡಿ ನಗತೊಡಗಿದಳು.
‘ಬೀಡಿಯನ್ನು ಎಂತ ನೋಡುವುದು ಮಾರಾಯ್ತಿ,
ಅದನ್ನು ಬ್ರಾಂಚಿನವ ನೋಡ್ತಾನೆ, ಬಿಸಾಡ್ಲಿಕ್ಕೆ.’

ಮೂರನೇ ದಿನ ಮರೆತಳು.
ಎಲೆಯ ಕಟ್ಟಿಗೆ ಒರಗಿಸಿಟ್ಟ ಮೊಬೈಲಿನ ಎದುರು
ಕತ್ತರಿ ಆಡಿತು. ತಗಡಿನ ಅಚ್ಚಿನ ಸುತ್ತ
ಎಲೆ ತನ್ನ ಹೆಚ್ಚುವರಿಯನ್ನು ಬಿಟ್ಟುಕೊಟ್ಟಿತು.
ಚಿಟಿಕೆ ಹೊಗೆಸೊಪ್ಪು, ಒಂದು ಉರುಳು,
ಉಗುರಿನಿಂದ ತಲೆ ಮಡಚಿ ನೂಲು ಎರಡು ಸುತ್ತು.
ಮತ್ತೆ. ಮತ್ತೆ.
ನಿಮಿಷ ತುಂಬಲು ಹನ್ನೊಂದು ಸೆಕೆಂಡು ಬಾಕಿ,
ತಟ್ಟನೆದ್ದು ಒಳಗೆ ಹೋದಳು.

ಎಲ್ಲರೂ ಮಲಗಿದ ಮೇಲೆ ಎಡಿಟಿಂಗಿಗೆ ಕೂತೆ.
ತಡ್ಪೆ. ಅರ್ಧ ಸುತ್ತಿದ ಎಲೆ
ತಾನಾಗಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.
ಫ್ಯಾನಿನ ಗಾಳಿಗೆ ನೂಲಿನ ತುದಿ.
ಮಡಚಿಟ್ಟ ಗೋಣಿಯಲ್ಲಿ ಅವಳು ಕೂತ ಕುಳಿ
ಇನ್ನೂ ತುಂಬಿಕೊಂಡಿಲ್ಲ.
ಹಿಂದಿನಿಂದ ಬೇರೆ ತುಂಡು ತಂದು ಸೇರಿಸಬಹುದಿತ್ತು,
ಆದರೆ ಒಂದೇ ಶಾಟು ಅಂದಿದ್ದರಲ್ಲ.
ಸುಳ್ಳು. ಅದಕ್ಕಲ್ಲ.
ಕತ್ತರಿಯ ಗುರುತಿನ ಮೇಲೆ ಬೆರಳಿಟ್ಟೆ,
ತೆಗೆದೆ. ಇಟ್ಟೆ. ತೆಗೆದೆ.

ಬೆಳಿಗ್ಗೆ ಚಿಕ್ಕಮ್ಮನಿಗೆ ತೋರಿಸಿದೆ.
ಕೈ ಕಂಡಾಗ ‘ಎಷ್ಟು ಕಪ್ಪಾಗಿದೆ’ ಅಂದಳು.
ಖಾಲಿ ಬಂದಾಗ
‘ನಾನೇ ಇಲ್ಲದ್ದನ್ನು ಎಂತಕ್ಕೆ ಇಟ್ಟದ್ದು?’
ಎಂದವಳು, ನಿಂತು,
ಮೊಬೈಲನ್ನು ಕಿವಿಗೆ ಹಿಡಿದಳು.
‘ಇಗೋ, ಗಂಜಿ ಉಕ್ಕಿದ್ದು.
ಇದು ಮುಚ್ಚಳ ಬಿದ್ದದ್ದು.
ಈಗ, ಈಗ ಕೇಳು, ನನ್ನ ಕೈ ಸುಟ್ಟದ್ದು.’

ನಲ್ವತ್ತು ಸಲ ನೋಡಿದ್ದೆ ಇದನ್ನೂ.
ಮತ್ತೆ ಹಾಕಿ ಕಿವಿಗೊಟ್ಟೆ.
ಫ್ಯಾನಿನ ಗರಗರದ ಹಿಂದೆ, ಬಾಗಿಲಾಚೆ,
ತೀರ ಸಣ್ಣದೊಂದು
‘ಸ್ಸ್’.