ಮೂಗು ಹಿಡಿಯದ ಕಲ್ಲು

ಅಲ್ದೋನಾದ ಈ ಬಾಡಿಗೆ ಮನೆಯ ಹಿತ್ತಲಲ್ಲಿ
ಒಂದೇ ಬೇಸಿಗೆಗೆ ಮೂರು ಮೂಗು ಮುರಿದಿದ್ದೇನೆ.
ಮೂರೂ ಹುಲಿಗೆಪ್ಪನವೇ.

"ಅಕ್ಕಾರ, ಇದು ಮೂಗ ಹಿಡಿಯೂ ಕಲ್ಲಲ್ರೀ"
ಅಂದಿದ್ದ, ಟೆಂಪೋದಿಂದ ಇಳಿಸುವಾಗಲೇ.
"ಗ್ವಾಡಿ ಕಟ್ಟಾಕ ಹುಟ್ಟೈತಿ, ಬಾವಿ ಕಟ್ಟಾಕ.
ಮೈ ತುಂಬ ತೂತು. ನೀವು ಹೊಡದ ಏಟು
ಎಲ್ಲಿ ಹೋಗಿ ನಿಂದರತೈತಿ, ಅದಕ್ಕೂ ಗೊತ್ತಿಲ್ಲ."

ಬದಾಮಿಯ ಆಚೆಯವನು. ಅವನೂರಿನ ಕಲ್ಲು
ರೆಪ್ಪೆಯನ್ನೂ ಹಿಡಿಯುತ್ತದೆ, ರೆಪ್ಪೆ ಮುಚ್ಚಿದ ನಾಚಿಕೆಯನ್ನೂ.
ಇಲ್ಲಿಯ ಚಿರೆಕಲ್ಲು ನೆಲದೊಳಗೆ ಬೆಣ್ಣೆ,
ಗಾಳಿಗೆ ಬಂದರೆ ಹಠ,
ಮೊದಲ ಮಳೆಗೆ ಕಪ್ಪು, ಎರಡನೆಯದಕ್ಕೆ ಪಾಚಿ ಹೊದ್ದು
ಯಾರ ಮುಖವೆಂದು ಮರೆತೇಬಿಡುತ್ತದೆ.

ಫೋಟೋ ತೆಗೆಯತೊಡಗಿದೆ. ಬರೀ ಅಳತೆಗೆ,
ಅಂತ ನನಗೆ ನಾನೇ ಹೇಳಿಕೊಂಡು.
ಎಡದಿಂದ ಒಂದು, ಬಲದಿಂದ ಒಂದು,
ಎದುರು ನಿಂತು ಒಂದು, ಠಾಣೆಯಲ್ಲಿ ತೆಗೆದ ಹಾಗೆ.
ಹುಲಿಗೆಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡು ಕೇಳಿದ:
"ಇದರಾಗ ಯಾವ ಕಡೀದು ಒಗೀತೀರಿ,
ಯಾವ ಕಡೀದು ಇಟಗೋತೀರಿ?"
ಕಲ್ಲು ಕಡಿಯುವವನ ಲೆಕ್ಕ. ಒಂದು ಕಲ್ಲಿಗೆ
ಇಂತಿಷ್ಟು ಧೂಳು ಅಂತ ಇದ್ದೇ ಇರುತ್ತದೆ.
ಶಟರ್ ಬಿದ್ದಾಗ ಆ ಧೂಳು ಎಲ್ಲಿ ಬೀಳುತ್ತದೆ?
ಉತ್ತರ ಕೊಡಲಿಲ್ಲ. ಬೆಳಕು ಹೋಗುತ್ತಿತ್ತು.

ಆಮೇಲೆ ಒಂದು ಭಾನುವಾರ ಡಿಚೋಲಿ ದಾಟಿ
ಅವನ ಕ್ವಾರಿಗೇ ಹೋದೆ.
ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಂಡಿ,
ಗರಗಸದ ಗಾಲಿ ಎಳೆದ ಗೆರೆ, ತಳದಲ್ಲಿ ಹಸಿರು ನೀರು,
ನೀರಲ್ಲಿ ಯಾರದೋ ಮಗುವಿನ ಚಪ್ಪಲಿ.
ಮಾಪುಸಾದ ಎಷ್ಟು ಮನೆಗಳು ಇಲ್ಲಿಂದ ಎದ್ದು ಹೋಗಿವೆ!
ಗೋಡೆಗೆ ಗೋಡೆ, ಮೂಲೆಗೆ ಮೂಲೆ, ಒಳಗು ಹೊರಗಾಗಿ
ಗಾಳಿಯಲ್ಲಿ ಇನ್ನೂ ನಿಂತೇ ಇವೆ.
ಒಂದು ಊರಿನ ಅಚ್ಚು. ಕೆತ್ತುವುದಕ್ಕೆ
ನನಗೇನೂ ಉಳಿಸಿರಲಿಲ್ಲ.
ರೋಲು ಮುಗಿಯುವ ತನಕ ತೆಗೆದೆ.

ಪ್ರಿಂಟಿನಲ್ಲಿ ಬಂದದ್ದು ಬರೀ ಗುಂಡಿ.

ಈಗ ರಾತ್ರಿ ಆ ಪ್ರಿಂಟುಗಳ ಬೆನ್ನ ಮೇಲೆ ಬರೆಯುತ್ತೇನೆ,
ಪೆನ್ಸಿಲ್ಲಿನಲ್ಲಿ. ನುಣ್ಣನೆ ಹಾಳೆ, ಅಕ್ಷರ ಜಾರುತ್ತದೆ.
ಮನೆಯೊಡತಿ ಎಸ್ಪೆರಾನ್ಸಾ ಬಾಯಿ ಚಹಾ ಇಟ್ಟು ಬಗ್ಗುತ್ತಾಳೆ,
ಕನ್ನಡ ಬಾರದು. "ಏನಿದು, ಎಲ್ಲ ದುಂಡು ದುಂಡು,
ರುಮಾಲು ಸುತ್ತಿಕೊಂಡ ಗಂಡಸರ ಹಾಗೆ!"
ನಕ್ಕೆ. ತಲೆಕಟ್ಟು ಅಂತಲೇ ಹೆಸರು ಅದಕ್ಕೆ ಬಾಯೀ,
ಹುಲಿಗೆಪ್ಪನ ಹಾಗೇ ಇವರೂ
ತಲೆಗೆ ಕಟ್ಟಿಕೊಂಡೇ ಬಿಸಿಲಿಗೆ ಇಳಿಯುವವರು.

'ಹುಲಿಗೆಪ್ಪನ ಮೂಗು' ಎಂದು ಬರೆದೆ.
ಮುರಿಯಲಿಲ್ಲ.
ಮರುದಿನ ಅವನಿಗೆ ಓದಿ ಹೇಳಿದರೆ
ತನ್ನ ಮೂಗು ಮುಟ್ಟಿ ನೋಡಿಕೊಂಡ.
"ಭಾಳ ಸಣ್ಣದಾತಲ್ರೀ" ಅಂದ.

ನಾಲ್ಕನೆಯ ಕಲ್ಲು ಬಂದು ಬಿದ್ದಿದೆ, ಬಾಡಿಗೆ ಕೊಟ್ಟಿಲ್ಲ.
ಮೂರನೆಯ ತಲೆಯ ಕಿವಿಯೊಳಕ್ಕೆ ಕೆಂಪಿರುವೆಗಳು
ಬೆಳಗಿನಿಂದ ಅನ್ನದಗುಳು ಸಾಗಿಸುತ್ತಿವೆ.
ಆ ಕಿವಿ ನಾನು ಕೆತ್ತಿದ್ದಲ್ಲ.