ಮುನ್ನೂರು ಪದ ಮೀರದಂತೆ

ಅರಸೀಕೆರೆ ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ
ಗಂಟೆಗೆ ಮೂವತ್ತರಂತೆ ಕೂತಿದ್ದೇನೆ.
ಶಾಂತಿ ಓದಲು ದುಡ್ಡು ಕೊಡುತ್ತಾರಂತೆ,
ಫೀಸು, ಹಾಸ್ಟೆಲು, ಹೋಗಿಬರುವ ವಿಮಾನ ಕೂಡ.
ಏಳನೇ ಪ್ರಶ್ನೆಯಲ್ಲಿ ಕರ್ಸರ್ ಮಿಟುಕುತ್ತಿದೆ:
ನೀವು ಬಗೆಹರಿಸಿದ ಒಂದು ಸಂಘರ್ಷ ವಿವರಿಸಿ,
ಮುನ್ನೂರು ಪದ ಮೀರದಂತೆ.

ಬಗೆಹರಿಸಿದ.
ಮುನ್ನೂರರಲ್ಲಿ ಆ ಒಂದು ಪದ ನನ್ನ ಹತ್ತಿರವಿಲ್ಲ.

ಇರುವುದು ಬದುವಿನ ಮೇಲಿನ ಒಂದು ತೆಂಗು.
ಬೇರು ಸಣ್ಣಹನುಮಯ್ಯನವರದು,
ವಾಲಿದ್ದು ಗುರುಸಿದ್ದಪ್ಪನವರ ಕಡೆಗೆ.
ಹನ್ನೊಂದು ವರ್ಷದಲ್ಲಿ ಬಿದ್ದ ಕಾಯಿಗಿಂತ
ಬಿದ್ದ ವಾಯಿದೆ ಹೆಚ್ಚು.

ಮಧ್ಯಸ್ಥಿಕೆ ಕೇಂದ್ರದಲ್ಲಿ ನಾನು ಟೈಪಿಸ್ಟು,
ಇಬ್ಬರ ಬೈಗುಳಕ್ಕೂ ಒಂದೇ ಅಳತೆಯ ಮಾರ್ಜಿನ್ ಬಿಟ್ಟವಳು.
ಎಂಟನೇ ಸಿಟ್ಟಿಂಗು. ವಕೀಲರು ಊಟಕ್ಕೆ ಹೋಗಿದ್ದರು,
ಫ್ಲಾಸ್ಕಿನಲ್ಲಿ ಉಳಿದದ್ದು ಒಂದೇ ಕಾಫಿ.
ನಾನೇನೂ ಹೇಳಲಿಲ್ಲ. ಎರಡು ಲೋಟ ಇಟ್ಟೆ.
ಗುರುಸಿದ್ದಪ್ಪ ಬಗ್ಗಿಸಿದರು, ಕಣ್ಣಲ್ಲೇ ಅಳೆದು,
ಇನ್ನೊಂದು ಹನಿ ಆ ಕಡೆಗೆ.
"ಸಕ್ರೆ ಕಾಯ್ಲೆ ಐತಲ್ಲ ನಿಂಗೆ, ನೀನು ಅರ್ಧ ಕುಡಿ"
ಅಂದರು ಸಣ್ಣಹನುಮಯ್ಯ, ಗೋಡೆ ನೋಡುತ್ತ.
ಅಷ್ಟೇ.
ಕೇಸು ಇನ್ನೂ ನಡೆಯುತ್ತಿದೆ.

ಕೆಳಗೆ ಮತ್ತೊಂದು ಖಾಲಿ ಜಾಗ:
ಶಿಫಾರಸು ಮಾಡುವವರು, ಇಬ್ಬರು.
ಜಡ್ಜ್ ಮೇಡಂಗೆ ವರ್ಗವಾಗಿದೆ.
ಇವರಿಬ್ಬರನ್ನೇ ಕೇಳಬಹುದು, ಕೊಟ್ಟಾರು ಕೂಡ.
ಮೊದಲ ಗೆರೆಯಲ್ಲಿ ಯಾರ ಹೆಸರು ಅನ್ನುವುದು
ಅಲ್ಲೂ ಶುರುವಾದೀತು.

ಅಂಗಡಿಯ ಶಫೀವುಲ್ಲಾ ಗಡಿಯಾರ ನೋಡುತ್ತಾನೆ.
ಇನ್ನರ್ಧ ಗಂಟೆ ಹಾಕಿಕೊಳ್ಳಿ, ಅನ್ನುತ್ತೇನೆ,
ಒಂದು ಮರ ವಾಲಿದೆ, ಎಂದು ಬರೆದು,
ಎಣಿಸುತ್ತೇನೆ: ಮೂರು.