ಮೂರು ಬೆರಳ ಚಿಟಿಕೆ

ಮೇಘನಾ ನದಿ ಹೋದ ವರ್ಷ ಹೆತ್ತ ದಿಬ್ಬದ ಮೇಲೆ
ಹನ್ನೊಂದು ಮನೆ. ಹನ್ನೊಂದರಲ್ಲೂ ಕಾಲರಾ.
ಶೆಫಾಲಿ ಮಂಡಲ್ ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ
ಕೆಸರಿಗಿಳಿದಾಗ ಕೈಯಲ್ಲಿದ್ದದ್ದು
ಅರ್ಧ ಸೇರಿಗೆ ಗೆರೆ ಕೊರೆದ ಒಂದು ತಂಬಿಗೆ,
ಒಂದು ರಿಜಿಸ್ಟರು.
ಔಷಧಿ ಎಲ್ಲಿ, ಅಂದರು ಜನ.
ನಿಮ್ಮ ಒಲೆಯ ಪಕ್ಕದಲ್ಲಿ, ಅಂದಳು.

ಜೊಹುರಾಳ ಕೂಸು ಟುನಿ, ಹತ್ತು ತಿಂಗಳದ್ದು,
ಅಕ್ಕಿ ತೊಳೆದ ನೀರಾಗಿ ಹರಿದುಹೋಗುತ್ತಿತ್ತು ಬೆಳಗಿನಿಂದ.
ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ
ಮಡಿಕೆ ಹಾಗೇ ನಿಲ್ಲುತ್ತಿತ್ತು.
ಅಳುತ್ತಿತ್ತು. ಕಣ್ಣಲ್ಲಿ ನೀರಿರಲಿಲ್ಲ.

"ನೀರು ಕೊಡಬೇಡ, ಕೊಟ್ಟಷ್ಟೂ ಹರಿಯುತ್ತೆ"
ಅಂದಿದ್ದಳು ಅತ್ತೆ, ಮೂರು ವರ್ಷದ ಹಿಂದೆ, ಮೊದಲ ಮಗುವಿಗೆ.
ಕೊಟ್ಟಿರಲಿಲ್ಲ.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ:
ಬರೀ ನೀರು ನಿಲ್ಲದು, ಕರೆಯುವವರಿಲ್ಲದೆ.
ಕರುಳಿನ ದಡದಲ್ಲಿ ಒಂದೊಂದು ಜೀವಕೋಶವೂ ಒಂದು ಮನೆ,
ಗೋಡೆಯೆಂದರೆ ಎರಡು ಸಾಲು ಜಿಡ್ಡು,
ಸಾರಿನ ಮೇಲೆ ತೇಲುವ ಎಣ್ಣೆಗಿಂತ ತೆಳು.
ಒಳಗೆ, ಹೊರಗೆ ಎಂಬ ಮಾತು ಹುಟ್ಟಿದ್ದೇ ಆ ಜಿಡ್ಡಿನಿಂದ.
ಉಸಿರು ಅದನ್ನು ಕೇಳದೆ ದಾಟುತ್ತದೆ, ಹತ್ತಿರದ ನೆಂಟನ ಹಾಗೆ.
ನೀರಿಗೆ ಸಂದಿಗಳಿವೆ.
ಉಪ್ಪಿಗೆ ಮಾತ್ರ ಬಾಗಿಲೇ ಬೇಕು, ತೆಗೆಯುವವರು ಬೇಕು.
ಕಾಲರಾ ಮಾಡಿದ್ದಿಷ್ಟೇ:
ಹಿತ್ತಿಲ ಕದ ತೆರೆದು, ಮುಚ್ಚದಂತೆ ಕಲ್ಲು ಕೊಟ್ಟು ಹೋಯಿತು.
ಉಪ್ಪು ಹೊರಗೆ, ಅದರ ಬೆನ್ನಿಗೆ ನೀರು,
ಇಡೀ ಮನೆ ಬರಿದು.

ಮುಂದಿನ ಕಡವನ್ನು ಅದು ಮುಟ್ಟಿಲ್ಲ.
ಅಲ್ಲೊಂದು ದೋಣಿ,
ಜೊಹುರಾಳ ಗಂಡನ ದೋಣಿಯಂಥದೇ ಹಟಮಾರಿ:
ಎರಡು ಉಪ್ಪು, ಒಂದು ಸಕ್ಕರೆ,
ಮೂವರೂ ಕೂತ ಮೇಲೇ ಹಗ್ಗ ಬಿಚ್ಚುವುದು.
ಉಪ್ಪೊಂದೇ ಬಂದು ಎಷ್ಟು ಹೊತ್ತು ನಿಂತರೂ
ಇಲ್ಲ, ಹೊರಡುವುದಿಲ್ಲ.
ಆಚೆ ದಡದಲ್ಲಿ ಒಬ್ಬ ಮೊಗೆಯುವವನು:
ಮೂರು ಉಪ್ಪು ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ,
ಮೂರು ಹೊರಗೆ, ಎರಡು ಒಳಗೆ,
ಹುಟ್ಟಿದಂದಿನಿಂದ ಕೈ ನಿಲ್ಲಿಸಿಲ್ಲ.
ಅವನು ನಿಲ್ಲಿಸಿದ ದಿನಕ್ಕೆ ನಾವು ಬೇರೆ ಹೆಸರು ಇಟ್ಟಿದ್ದೇವೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು
ನನ್ನ ಭಾಷೆ ತಪ್ಪಿತಸ್ಥರಿಗೆ ಹೇಳುತ್ತದೆ, ಬೆರಳು ತೋರಿಸಿ.
ಅದನ್ನೇ ಒಂದು ಕೂಸಿಗೆ
ಇಷ್ಟು ಮೆಲ್ಲಗೆ, ಚಮಚದಲ್ಲಿ ಹೇಳಬಹುದೆಂದು
ನನಗೆ ಗೊತ್ತಿರಲಿಲ್ಲ.

ಮೂರು ಬೆರಳ ತುದಿಯಲ್ಲಿ ಉಪ್ಪು, ಮೊದಲ ಗೆಣ್ಣಿನ ತನಕ.
ಒಂದು ಹಿಡಿ ಬೆಲ್ಲ.
ಗೆರೆ ಮುಟ್ಟುವಷ್ಟು ನೀರು.
"ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲು."
ಜೊಹುರಾ ನಾಲಗೆಗಿಟ್ಟು ತುಂಬಾ ಹೊತ್ತು ಯೋಚಿಸಿದಳು.
"ಅದರ ರುಚಿ ಮರೆತುಹೋಗಿದೆ ದಿದಿ.
ಅತ್ತು ಮೂರು ವರ್ಷವಾಯಿತು."

ಶೆಫಾಲಿ ತಾನೇ ಒಂದು ಗುಟುಕು ಕುಡಿದು ತಲೆಯಾಡಿಸಿದಳು.

ಚಮಚ. ವಾಂತಿ. ಸ್ವಲ್ಪ ತಾಳಿ ಮತ್ತೆ ಚಮಚ.
ಸೀಮೆಎಣ್ಣೆ ಮುಗಿದು ಬುಡ್ಡಿ ಆರಿತು.
ಕತ್ತಲಲ್ಲಿ ತುಟಿ ತಡವಿ ಚಮಚ.
ಎರಡನೆಯ ತಂಬಿಗೆಗೆ ಬೆಲ್ಲ ಸಾಲದೆ ಪಕ್ಕದ ಮನೆಯಲ್ಲಿ ಕಡ.
ನದಿ ದಿಬ್ಬದ ಅಂಚನ್ನು ಕಚ್ಚಿ ಕಚ್ಚಿ ನುಂಗುವ ಸದ್ದು.
ಮೂಲೆಯಲ್ಲಿ ತಸ್ಬಿ ಎಣಿಸುತ್ತಿದ್ದ ಅತ್ತೆ
ಎಲ್ಲೋ ಲೆಕ್ಕ ತಪ್ಪಿ
ಚಮಚ ಎಣಿಸತೊಡಗಿದಳು.

ನಸುಕಿನಲ್ಲಿ ಟುನಿ ಅತ್ತಳು. ಸಿಟ್ಟಿನ ಅಳು, ಊರಿಗೇ ಕೇಳುವಂಥದು.
ಕೆನ್ನೆಯ ಮೇಲೆ ಏನೋ ಮಿನುಗಿತು.
ಜೊಹುರಾ ಬಾಗಿ ನಾಲಗೆ ತಾಗಿಸಿದಳು,
ತಂಬಿಗೆಯೆತ್ತಿ ಕುಡಿದಳು,
ಮತ್ತೆ ಕೆನ್ನೆ, ಮತ್ತೆ ತಂಬಿಗೆ.

"ಬೆಲ್ಲ ಒಂಚೂರು ಜಾಸ್ತಿಯಾಗಿದೆ" ಅಂದಳು,
"ಉಪ್ಪು ಸರಿ ಇದೆ."